ಏನಿಲ್ಲ ಬುಡಕ್ಕ

ಪಕ್ಕದ ಮನೆ ಜಯಮಣಿ ಮಾತು ಬಿಟ್ಟು ತಿಂಗಳಾಗಿತ್ತು. ಕಾರಣ ರೂಪಶ್ರೀಗೆ ಗಂಡನ ಬಾಯಿಂದ ಇವತ್ತು ತಿಳಿಯಿತು. ತನ್ನ ಮಗಳ ಬಸಿರು ಇಳಿದುಹೋದ ದಿನ ಜಯಮಣಿ ಇವಳ ಜಗಲಿಯಲ್ಲಿ ಕೂತು, "ಏನಿಲ್ಲ ಬುಡಕ್ಕ" ಅಂದಿದ್ದಳು. ಇವಳು ಅದನ್ನೇ ನಂಬಿ, ಹೊಸ ಸೀರೆಯ ಸುದ್ದಿ ತೆಗೆದು ನಕ್ಕಿದ್ದಳು.

"ಮುಖ ನೋಡಿ ಮನಸು ತಿಳಿಯೋದು ನಿಂಗೆ ಕಷ್ಟ ಅಂತ ಮೈಸೂರು ಡಾಕ್ಟ್ರು ಆಗ್ಲೇ ಹೇಳಿದ್ರು ಕಣೆ" ಎಂದ ಕಾಂತರಾಜು. "ಈ ಮಲ್ಟಿಪಲ್ ಸ್ಕ್ಲೆರೋಸಿಸ್ಸು ಬರೀ ಕಾಲಿನ ಕಾಯಿಲೆ ಅಲ್ವಂತೆ, ಮಿದುಳಿಗೂ ತಟ್ಟುತ್ತಂತೆ. ಊರೋರು ತಲೆಕೆಟ್ಟೋಳು ಅಂದಾರು ಅಂತ ಸುಮ್ನಿದ್ದೆ."

"ಈಗ ಕಲ್ಲೆದೆಯೋಳು ಅಂತಾವ್ರಲ್ಲ, ಅದು ಚೆಂದಾಗದಾ ನಿಂಗೆ?"

ಅವನ ಉತ್ತರಕ್ಕೆ ಕಾಯದೆ ರೂಪಶ್ರೀ ಕೋಲೂರಿಕೊಂಡು ಹೊರಟಳು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಹೆಂಗಸರು ಕಡ್ಡಿಗೆ ಎಲೆ ಕಟ್ಟುತ್ತಿದ್ದರು. ಜಯಮಣಿಯೂ ಇದ್ದಳು.

"ಬಾರವ್ವ, ಸೀರೆ ತೋರ್ಸಕ್ ಬಂದ್ಯಾ?" ಎಂದು ಒಬ್ಬಳು ಕುಟುಕಿದಳು.

"ಜಗಳಕ್ಕೆ ಬಂದೀನಿ. ಮುಖ ನೋಡಿದ್ರೆ ನಂಗೆ ದುಃಖ ತಿಳಿಯಕಿಲ್ಲ, ಅದೂ ಈ ಕಾಯಿಲೇದೇ. ಮುಚ್ಚಿಟ್ಟೋನು ನನ್ ಗಂಡ. ಜಯಮಣಿ, ಇನ್ಮೇಲೆ ನಂತಾವ ಏನಿಲ್ಲ ಅನ್ಬೇಡ. ಇರೋದ ಬಾಯ್ಬಿಟ್ಟು ಹೇಳು."

ಜಯಮಣಿ ಕೈಲಿದ್ದ ಎಲೆ ಕೆಳಗಿಟ್ಟಳು. "ಹೇಳ್ಲಾ? ನನ್ ಮಗ್ಳು ಹುಣಸೂರು ಆಸ್ಪತ್ರೇಲಿ ಅಳ್ತಾ ಮಲಗಿದ್ಳು, ನೀನು ನಗ್ತಿದ್ದೆ. ಇವತ್ತೂ ನಿನ್ ಮೇಲೆ ಸಿಟ್ಟು ಅದೆ ಕಣಕ್ಕ."

"ಇನ್ನೂ ಹೇಳು" ಎನ್ನುತ್ತ ರೂಪಶ್ರೀ ಕೋಲು ಮಲಗಿಸಿ ಅವಳ ಪಕ್ಕದಲ್ಲೇ ಕೂತಳು.