ತಣ್ಣಗಿದ್ದ ದೀಪದ ಲೆಕ್ಕ

ನನ್ನ ಅಕ್ಷರ ಮುತ್ತಿನಂತಿದೆ ಎಂದು ಎಲ್ಲರೂ ಹೊಗಳುತ್ತಾರೆ. ಬೆಂಕಿ ಬೀಳಲಿ ಆ ಅಕ್ಷರಕ್ಕೆ! ಕೋಳಿ ಕೆದಕಿದ ಹಾಗೆ ಬರೆಯುವವನಾಗಿದ್ದರೆ ಆ ಕಾಗದವನ್ನು ಯಾರೂ ಓದುತ್ತಿರಲಿಲ್ಲ, ನಾನೂ ಬೋನಿಗೆ ಬೀಳುತ್ತಿರಲಿಲ್ಲ.

ನಾನು ಗಂಗಾಧರಯ್ಯ. ಇರುವುದು ಚಾಮರಾಜಪೇಟೆಯಲ್ಲಿ, ಕಸುಬು ಮನೆಗಳಿಗೆ ಕರೆಂಟಿನ ತಂತಿ ಎಳೆಯುವುದು. ಮಾಮೂಲ್‌ಪೇಟೆಯ ನೂಲಿನ ವ್ಯಾಪಾರಿ ನಂಜುಂಡಯ್ಯನವರ ಮಳಿಗೆಗೂ, ಅದರ ಗೋಡೆಗಂಟಿದ ಬಾಡಿಗೆ ಕೋಣೆಗೂ ತಂತಿ ಎಳೆದವನು ನಾನೇ. ಆ ಕೋಣೆಯಲ್ಲಿದ್ದವರು ಸುಬ್ಬಲಕ್ಷ್ಮಮ್ಮ. ಗಂಡ ಪ್ಲೇಗಿನಲ್ಲಿ ಹೋದ ಮೇಲೆ ಹೊಲಿಗೆ ಮಿಶಿನ್ನಿನಲ್ಲಿ ರವಿಕೆ ಹೊಲಿದು ಬದುಕುತ್ತಿದ್ದರು. ಕೋಣೆಗೆ ಕಿಟಕಿಯಿಲ್ಲ, ಹಗಲಲ್ಲೂ ದೀಪವಿಲ್ಲದೆ ಸೂಜಿಗೆ ದಾರ ಪೋಣಿಸುವಂತಿಲ್ಲ. ಅದಕ್ಕೇ ಹೊಸದಾಗಿ ಬಂದ ಲೋಹದೆಳೆಯ ದೀಪವೊಂದನ್ನು ತಂದು ಹಾಕಿಸಿಕೊಂಡಿದ್ದರು.

ಒಂದು ಮಧ್ಯಾಹ್ನ ಮಳಿಗೆಯ ಗೋಡೆಯಲ್ಲಿ ಆ ಕೋಣೆಗೆ ಹೋಗುವ ತಂತಿಗೆ ಬೆಂಕಿ ಹತ್ತಿ ಎರಡು ಮೂಟೆ ನೂಲು ಸುಟ್ಟುಹೋಯಿತು. ನಂಜುಂಡಯ್ಯನವರು ನನ್ನನ್ನು ಕರೆಸಿದರು.

"ಎಲ್ಲಾ ಆ ಯಮ್ಮನ ಹೊಸ ದೀಪದ ಕೆಲ್ಸ. ಅಳೆದು ಬರ್ಕೊಡಿ, ಗಂಗಾಧರಯ್ಯನೋರೆ."

ದೀಪವನ್ನು ಬಿಚ್ಚಿ, ಕರೆಂಟಿಗೆ ಎಳೆ ಒಡ್ಡುವ ತಡೆ ಅಳೆಯುವ ನನ್ನ ಬ್ಯಾಟರಿ ಪೆಟ್ಟಿಗೆಗೆ ಸೇರಿಸಿದೆ. ಅರವತ್ತಾರು ಓಮ್ ತೋರಿಸಿತು. ಹಳೆಯ ಇದ್ದಿಲೆಳೆಯ ದೀಪಗಳ ಕಾಲದಿಂದ ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಇದ್ದಿಲು ಕಾದರೆ ತಡೆ ಇಳಿಯುತ್ತದೆ, ಆದ್ದರಿಂದ ತಣ್ಣಗಿದ್ದಾಗ ಬಂದದ್ದರಲ್ಲಿ ಅರ್ಧ ಹಿಡಿ. ಹಿಡಿದೆ, ಮೂವತ್ತಮೂರು. ಇನ್ನೂರಮೂವತ್ತು ವೋಲ್ಟನ್ನು ಅದರಿಂದ ಭಾಗಿಸಿದರೆ ಏಳು ಆಂಪಿಯರ್. ಏಳನ್ನು ಇನ್ನೂರಮೂವತ್ತರಿಂದ ಗುಣಿಸಿದರೆ ಸಾವಿರದ ಆರುನೂರ ಹತ್ತು ವ್ಯಾಟ್. ಒಂದು ದೀಪಕ್ಕೆ! ಯಾರಾದರೂ ಮೂಗಿನ ಮೇಲೆ ಬೆರಳಿಡಬೇಕು. ನಾನು ಇಡಲಿಲ್ಲ. ಹೊಸ ದೀಪ ಹೊಟ್ಟೆಬಾಕ ಇರಬೇಕು, ಅಷ್ಟು ಕರೆಂಟು ಎಳೆದು ತಂತಿ ಕಾಯಿಸಿರಬೇಕು ಎಂದುಕೊಂಡು ಬರೆದು ಸಹಿ ಹಾಕಿಬಿಟ್ಟೆ.

ನಂಜುಂಡಯ್ಯನವರು ಅದನ್ನು ಬೀದಿಯ ಹಿರಿಯರಾದ ವೃಷಭೇಂದ್ರಪ್ಪನವರಿಗೆ ಓದಿ ಹೇಳಿದರು. "ಬೆಂಕಿ ಅಂದ್ಮೇಲೆ ಏನ್ ಮಾಡೋಕಾಗುತ್ತೆ" ಎಂದು ಅವರು ಒಪ್ಪಿದರು. ಎಂಟು ದಿನದಲ್ಲಿ ಕೋಣೆ ಖಾಲಿಯಾಗಬೇಕೆಂದು ತೀರ್ಮಾನವಾಯಿತು.

ನಾಲ್ಕನೆಯ ದಿನ ಬಸವನಗುಡಿಯ ಒಂದು ಮನೆಯಲ್ಲಿ ಅಂಥದೇ ದೀಪ ಹಾಕಬೇಕಾಗಿ ಬಂತು. ಕುತೂಹಲಕ್ಕೆ ದೀಪ ಉರಿಯುತ್ತಿರುವಾಗಲೇ ಕರೆಂಟು ಅಳೆದೆ. ಮುಳ್ಳು ಕಾಲು ಆಂಪಿಯರ್ ದಾಟಲಿಲ್ಲ. ಇನ್ನೂರಮೂವತ್ತನ್ನು ಕಾಲಿನಿಂದ ಭಾಗಿಸಿದರೆ ಒಂಬೈನೂರ ಇಪ್ಪತ್ತು ಓಮ್. ಗುಣಿಸಿದರೆ ಐವತ್ತೇಳೂವರೆ ವ್ಯಾಟ್. ಲೋಹ ಇದ್ದಿಲಿನ ಹಾಗಲ್ಲ, ಕಾದಷ್ಟೂ ತಡೆ ಏರುತ್ತದೆ. ಮೂರು ಸಲ ಲೆಕ್ಕ ಮಾಡಿದೆ. ಸುಬ್ಬಲಕ್ಷ್ಮಮ್ಮನ ದೀಪ ನಿರಪರಾಧಿ.

ಹಾಗಾದರೆ ಸುಟ್ಟಿದ್ದು ಯಾವುದು? ಮೂರು ವರ್ಷದ ಹಿಂದೆ ಆ ಗೋಡೆಯಲ್ಲಿ ತಂತಿ ಕೂಡಿಸುವಾಗ ಬೆಸುಗೆಯ ಸೀಸ ಮುಗಿದಿತ್ತು. ತಿರುಚಿ, ಪಟ್ಟಿ ಸುತ್ತಿ, ನಾಳೆ ಬೆಸೆಯೋಣ ಎಂದು ಹೋದವನು ಮರೆತೇಬಿಟ್ಟಿದ್ದೆ. ಸಡಿಲ ಕೂಡಿಕೆಯಲ್ಲಿ ಕಿಡಿ ಹಾರಲು ಎಷ್ಟು ಹೊತ್ತು? ಪಕ್ಕದಲ್ಲಿ ನೂಲು ಬೇರೆ.

ಬಾಯಿ ಬಿಟ್ಟರೆ ನನ್ನ ಪರವಾನಗಿ ಹೋಗುತ್ತದೆ, ಬೇರೆ ಕಸುಬು ನನಗೆ ಗೊತ್ತಿಲ್ಲ. ಬಿಡದಿದ್ದರೆ ಆ ಹೆಂಗಸು ಬೀದಿಗೆ. ಅತ್ತ ದರಿ, ಇತ್ತ ಪುಲಿ. ಮಾಮೂಲ್‌ಪೇಟೆಗೆ ಹೋಗುವುದನ್ನೇ ಬಿಟ್ಟೆ. ಆರನೆಯ ದಿನ ಸುಬ್ಬಲಕ್ಷ್ಮಮ್ಮನವರೇ ನನ್ನ ಮನೆ ಹುಡುಕಿಕೊಂಡು ಬಂದರು.

"ಅಯ್ನೋರೆ, ನೀವು ನಾಕು ಮನೆ ಓಡಾಡೋರು. ಎಲ್ಲಾದ್ರೂ ಒಂದು ಕೋಣೆ ಇದ್ರೆ ಹೇಳಿ. ಬೆಂಕಿ ಹಚ್ಚಿದೋಳು ಅಂತ ಯಾರೂ ಕೊಡ್ತಿಲ್ಲ."

"ನೋಡೋಣಮ್ಮ" ಎಂದೆ. ಥೂ, ನಾನೂ ಒಬ್ಬ ಮನುಷ್ಯನೇ!

ಎಂಟನೆಯ ದಿನ ಬೆಳಿಗ್ಗೆ ತಡೆಯಲಾಗಲಿಲ್ಲ. ಓಡಿಹೋದೆ. ಕೋಣೆಯ ಮುಂದೆ ಕೈಗಾಡಿ ನಿಂತಿತ್ತು, ಹೊಲಿಗೆ ಮಿಶಿನ್ನು ಆಗಲೇ ಅದರ ಮೇಲಿತ್ತು. ನೇರ ಮಳಿಗೆಗೆ ನುಗ್ಗಿದೆ.

"ಸ್ವಾಮಿ, ನನ್ನ ಲೆಕ್ಕ ತಪ್ಪು."

"ಇರ್ಲಿ ಬಿಡಿ," ಎಂದರು ನಂಜುಂಡಯ್ಯನವರು ತಣ್ಣಗೆ. "ಮೂಟೆ ಇಡೋಕೆ ನಂಗೂ ಆ ಕೋಣೆ ಬೇಕಾಗಿತ್ತು. ನಿಮ್ಮ ಸಹಿ ಇದೆ, ಸಾಕು. ದೀಪ ಅಲ್ಲ ಅಂದ್ರೆ ಮತ್ತೇನು ಅಂತ ಜನ ಕೇಳ್ತಾರೆ. ಹೇಳ್ತೀರಾ?"

ಅವರಿಗೆ ಗೊತ್ತಿತ್ತೋ ಏನೋ. ನನಗಂತೂ ಮೈ ಉರಿಯಿತು. ವೃಷಭೇಂದ್ರಪ್ಪನವರನ್ನು ಕೂಗಿ ಕರೆದು, ಕರಿ ಹಿಡಿದ ಗೋಡೆಯಿಂದ ತಂತಿ ಮುಚ್ಚಿದ್ದ ಮರದ ಪಟ್ಟಿ ಕಿತ್ತು, ಸುಟ್ಟುಹೋದ ಕೂಡಿಕೆಯನ್ನು ಎಲ್ಲರ ಮುಂದೆ ಎತ್ತಿ ಹಿಡಿದೆ.

"ಬೆಂಕಿ ಹತ್ತಿದ್ದು ಇಲ್ಲಿಂದ. ಬೆಸುಗೆ ಹಾಕ್ದೆ ಬಿಟ್ಟೋನು ನಾನು. ಆ ಯಮ್ಮನ ದೀಪದ್ದು ಏನೂ ತಪ್ಪಿಲ್ಲ."

ವೃಷಭೇಂದ್ರಪ್ಪನವರು ನನ್ನ ಮುಖವನ್ನೂ ನೋಡಲಿಲ್ಲ. "ಇನ್ಮೇಲೆ ಈ ಪೇಟೇಲಿ ತಂತಿ ಮುಟ್ಬೇಡಿ" ಎಂದವರು ನಂಜುಂಡಯ್ಯನವರತ್ತ ತಿರುಗಿದರು. "ಆಕೆ ಇಲ್ಲೇ ಇರ್ಲಿ." ಆಮೇಲೆ ಗಾಡಿಯವನಿಗೆ, "ಮಿಶಿನ್ ಒಳಗಿಡಪ್ಪ" ಎಂದರು.

ಗಾಡಿಯವನು ಹಗ್ಗ ಬಿಗಿಯುತ್ತಲೇ ಇದ್ದ. "ಇದು ಈಗ ನಮ್ಮ ದರ್ಜಿ ಅಂಗಡಿ ಧಣಿಗಳದ್ದು ಸ್ವಾಮಿ. ಈಯಮ್ಮ ಮಾರಿದಾರೆ."

ಸುಬ್ಬಲಕ್ಷ್ಮಮ್ಮ ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ನಿಮ್ಗಿದು ಇವತ್ತು ಗೊತ್ತಾಯ್ತಾ, ಅಯ್ನೋರೆ?"

ಸುಳ್ಳು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ನಾಕು ದಿನ ಆಯ್ತಮ್ಮ."

"ಕೋಣೇನೇ ಇಲ್ದೋಳಿಗೆ ಮಿಶಿನ್ ಯಾಕೆ ಅಂತ," ಎಂದರು ಅವರು, "ನೆನ್ನೆ ಮಾರ್ದೆ."