ಉತ್ತರ ಬಾರದ ಹೊರತು

ಔಷಧಿ ಮೈಗೆ ಒಗ್ಗುತ್ತದೆಯೇ ಎಂಬುದಕ್ಕೆ ರೋಗಿಯ ಬಾಯಿಂದ ಉತ್ತರ ಬಾರದ ಹೊರತು ಸೂಜಿ ಚುಚ್ಚಕೂಡದೆಂದು ನರ್ಸ್ ತರಬೇತಿಯ ದಿನಗಳಿಂದಲೂ ವ್ರತದಂತೆ ನಡೆದುಕೊಂಡಿದ್ದ ಅಜ್ಜಿ, ಅಂದು ಬಂದರಿನ ಆಸ್ಪತ್ರೆಯಲ್ಲಿ ಡಾಕ್ಟರನ್ನೇ ತಡೆದು ನಿಲ್ಲಿಸಿದ್ದರು. ಕಾಲಿನ ಗಾಯ ಕೀವಾಗಿ ಜ್ವರದಿಂದ ಸುಡುತ್ತಿದ್ದ ನಾವಿಕನಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬಾರದು. ಅಜ್ಜಿಗಾಗಲಿ ಡಾಕ್ಟರಿಗಾಗಲಿ ಸ್ಪ್ಯಾನಿಷಿನ ಗಂಧವೂ ಇರಲಿಲ್ಲ.

ಮೊಮ್ಮಗಳು ಕಿಟಕಿಯ ಬಳಿ ಪುಸ್ತಕಗಳನ್ನು ದಾರದಿಂದ ಕಟ್ಟುತ್ತ ಅಜ್ಜಿ ಹೇಳುತ್ತಿದ್ದ ಈ ಹಳೆಯ ಕಥೆ ಕೇಳುತ್ತಿದ್ದಳು. ಆಸ್ಪತ್ರೆಯಲ್ಲಿ ದುಭಾಷಿಯಾಗುವ ಆಸೆಯಿಂದ ಸ್ಪ್ಯಾನಿಷ್ ತರಗತಿಗೆ ಸೇರಿದವಳು ಮೊದಲ ಪರೀಕ್ಷೆಯಲ್ಲೇ ಮುಗ್ಗರಿಸಿದ್ದಳು. ನಾಳೆ ಪುಸ್ತಕಗಳನ್ನು ಹಿಂದಿರುಗಿಸಿ ತರಗತಿ ಬಿಡುವುದೆಂದು ತೀರ್ಮಾನಿಸಿಯಾಗಿತ್ತು.

"ಕೈಸನ್ನೆ ಮಾಡಬಹುದಿತ್ತಲ್ಲ ಅಜ್ಜಿ?"

"ಮೈಗೆ ಒಗ್ಗಲ್ವಾ ಅಂತ ಹೇಗೆ ಸನ್ನೆ ಮಾಡ್ತೀಯೇ? ಮಾಡು, ನೋಡೋಣ."

ಅವಳು ತೋಳು ಕೆರೆದುಕೊಂಡು ಕೆನ್ನೆ ಉಬ್ಬಿಸಿದಳು.

"ಕೋತಿ ಅಂದ್ಕೊಂಡಿರ್ತಿದ್ದ, ಪಾಪ," ಎಂದು ಅಜ್ಜಿ ನಕ್ಕರು. "ನಮ್ಮ ಮೇಟ್ರನ್ ಉರು ಹೊಡೆಸಿದ್ದು ನೆನಪಾಯ್ತು. ವೈದ್ಯದ ಮಾತು ಬೇಕಾದಷ್ಟು ಗ್ರೀಕಿನಿಂದ ಬಂದಿವೆ, ಎಷ್ಟೋ ದೇಶದವರು ಅದನ್ನೇ ಆಡ್ತಾರೆ ಅನ್ನೋರು. ತಪ್ಪಿದ್ರೆ ಬೆಡ್‌ಪ್ಯಾನ್ ತೊಳೆಸೋರು. ನಾನು ತೊಳೆದಷ್ಟು ಯಾರೂ ತೊಳೆದಿಲ್ಲ ಬಿಡು. ಆ ನಾವಿಕನ ಮುಖ ನೋಡಿ ಅಲರ್ಜಿ ಅಂದೆ. ಅವನು ಕಣ್ಣು ಬಿಟ್ಟ. ನಿಧಾನವಾಗಿ ಮತ್ತೆ ಅಂದೆ. 'ಅಲೆರ್ಹಿಯಾ' ಅಂದ. ಬಾಟ್ಲಿ ತೋರಿಸಿ ಪೆನಿಸಿಲಿನ್ ಅಂದೆ. ಎರಡೂ ಕೈಲಿ ಗಂಟಲು ಹಿಡ್ಕೊಂಡ್ಬಿಟ್ಟ."

"ಡಾಕ್ಟರು?"

"ಸಿರಿಂಜ್ ಕೆಳಗಿಟ್ಟು ಬೇರೆ ಔಷಧಿ ಬರೆದ್ರು. ಅವನು ನಡ್ಕೊಂಡೇ ಹಡಗಿಗೆ ಹೋದ."

"ನಿಂಗೆ ಒಂದು ಪದ ಸಾಕಾಯ್ತು. ನಂಗೆ ಕಲಿಯೋಕೆ ಸಾವಿರ ಇದೆ."

"ಆಪರೇಷನ್‌ಗೆ ಅವರು ಏನಂತಾರೆ?"

"ಸಿರುಹಿಯಾ." ಅವಳು ದಾರಕ್ಕೆ ಗಂಟು ಹಾಕಿದಳು.

"ಇಂಗ್ಲಿಷಿನ ಸರ್ಜರಿಯ ಒಡಹುಟ್ಟಿದ್ದೇ ಕಣೇ ಅದು. ಗ್ರೀಕಿನಲ್ಲಿ 'ಖೇರ್' ಅಂದ್ರೆ ಕೈ, 'ಎರ್ಗಾನ್' ಅಂದ್ರೆ ಕೆಲಸ. ಕೈಯ ಕೆಲಸ. ಆ ಎರ್ಗಾನೇ ಅಲರ್ಜಿ ಒಳಗೂ ಕೂತಿದೆ."

ಮೊಮ್ಮಗಳ ಬೆರಳುಗಳು ಗಂಟಿನ ಮೇಲೆಯೇ ನಿಂತವು. ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು.

"ಎನೆರ್ಹಿಯಾ," ಎಂದಳು ಕೊನೆಗೆ. "ಎನರ್ಜಿ. ಅದರಲ್ಲೂ ಇದೆಯಾ?"

"ನನ್ನನ್ನೇನು ಕೇಳ್ತೀಯ? ನಿನ್ನ ನಿಘಂಟು ನೋಡು."

ನಿಘಂಟು ಕಟ್ಟಿನ ತಳದಲ್ಲಿತ್ತು. ಗಂಟು ಉಗುರಿಗೆ ಸಿಗದಿದ್ದಾಗ ಅವಳು ಹಲ್ಲಿನಿಂದ ಬಿಚ್ಚಿ, ಪುಟ ಮಗುಚುತ್ತ ಬಹಳ ಹೊತ್ತು ಕುಳಿತಳು. ನೆಲದ ಮೇಲೆ ಬಿದ್ದಿದ್ದ ದಾರವನ್ನು ಅಜ್ಜಿ ಎತ್ತಿಕೊಂಡು, ಹಿಂದೆ ಬ್ಯಾಂಡೇಜು ಸುತ್ತುತ್ತಿದ್ದ ಅಚ್ಚುಕಟ್ಟಿನಲ್ಲೇ ಬೆರಳಿಗೆ ಸುತ್ತತೊಡಗಿದರು.

"ಅಜ್ಜಿ," ಎಂದಳು ಅವಳು, ಪುಟದಿಂದ ಕಣ್ಣೆತ್ತದೆ. "ಅವನು ಕಣ್ಣು ಬಿಟ್ಟ ಅಂದ್ಯಲ್ಲ, ಅಲ್ಲಿಂದ ಇನ್ನೊಂದ್ಸಲ ಹೇಳು."