ಒಂದನೇ ಟ್ರ್ಯಾಕ್

ಶಟರನ್ನು ಅರ್ಧಕ್ಕೆ ಎಳೆದು ಜೆರಾಕ್ಸ್ ಅಂಗಡಿಯವನು ಕಂಪ್ಯೂಟರಿನ ಮುಂದೆ ಕೂತಾಗ ಮಧ್ಯಾಹ್ನ ಎರಡೂವರೆ. ನಾಲ್ಕರ ಬಸ್ಸಿಗೆ ತಂಗಿ ಬಂದಿಳಿಯುತ್ತಾಳೆ. ತಂಗಿ ಎಂದರೆ ಅಪ್ಪನ ಇನ್ನೊಂದು ಮನೆಯ ಮಗಳು. ಅವಳು ಬರುವುದರೊಳಗೆ ಅಪ್ಪನ ವಿಡಿಯೋದಿಂದ ಅವಳ ಭಾಷೆಯನ್ನು ಕಿತ್ತುಹಾಕಬೇಕಿತ್ತು.

ಅಪ್ಪನದು ಡಬ್ಬಿಂಗ್ ಕಸುಬು. ಸಿನಿಮಾದಲ್ಲಿ ಯಾರ್ಯಾರದೋ ತುಟಿಗೆ ತನ್ನ ದನಿ ಕೂರಿಸಿ ಹೊಟ್ಟೆ ಹೊರೆದವನು. ಇವನಿಗೆ ಹತ್ತು ವರ್ಷವಾಗಿದ್ದಾಗ ಕೆಲಸಕ್ಕೆಂದು ದೂರದ ಊರಿಗೆ ಹೋದವನು ಅಲ್ಲೊಂದು ಸಂಸಾರ ಹೂಡಿದ. ತಿಂಗಳಿಗೊಮ್ಮೆ ಮನೆಗೆ ಬಂದರೂ ಬಾಯಿ ಬಿಚ್ಚುತ್ತಿರಲಿಲ್ಲ. "ಗಂಟಲು ಉಳಿಸ್ಕೋಬೇಕು ಪಾಪು, ನಾಳೆ ರೆಕಾರ್ಡಿಂಗ್ ಇದೆ" ಅನ್ನುತ್ತಿದ್ದ. ಕಲಿಸಿದ್ದು ಒಂದೇ ಪಾಠ: ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು, ಮಿಕ್ಕಿದ್ದನ್ನು ಹೇಗೋ ಹೊಂದಿಸಬಹುದು. ಅಲ್ಲಿ ಮಾತ್ರ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಜೋಗುಳ ಹಾಡುತ್ತಿದ್ದನಂತೆ. ಯಾರೋ ನೋಡಿ ಬಂದು ಹೇಳಿದ್ದರು. ಆ ಜೋಗುಳ ಮೂವತ್ತು ವರ್ಷದಿಂದ ಇವನ ಹೊಟ್ಟೆ ಉರಿಸುತ್ತಲೇ ಇತ್ತು.

ಅಪ್ಪ ಸತ್ತು ತಿಂಗಳಾಗಿತ್ತು. ಹಿಂದಿನ ದಿನ ಸ್ಟುಡಿಯೋದ ಸೌಂಡ್ ಇಂಜಿನಿಯರ್, ಅಪ್ಪನ ಹಳೆಯ ಗೆಳೆಯ, ಪೆನ್ ಡ್ರೈವ್ ತಂದುಕೊಟ್ಟಿದ್ದ.

"ನಿಮ್ಮಿಬ್ಬರಿಗೂ ಅಂತ ಕ್ಯಾಮೆರಾ ಮುಂದೆ ಕೂತು ಮಾತಾಡಿದಾನೆ ಕಣಯ್ಯ. ಮೊದಲು ನಿನ್ನ ಭಾಷೇಲಿ. ಆಮೇಲೆ ಅದರ ಮೇಲೇ ಅವಳ ಭಾಷೇಲಿ ಡಬ್ಬಿಂಗ್ ಮಾಡಿದ. ಕೆಮ್ಮಿಕೊಂಡು ಕೆಮ್ಮಿಕೊಂಡು ಮೂರು ದಿನ! ಒಂದೇ ಫೈಲು, ಎರಡು ಆಡಿಯೋ. ಇಬ್ಬರೂ ಜೊತೇಲಿ ಕೂತು ಕೇಳಿ. ಬೇರೆ ಕಾಪಿ ಇಲ್ಲ, ಅವನೇ ಬೇಡ ಅಂದ."

ಬೇರೆ ಕಾಪಿ ಇಲ್ಲ ಅಂದದ್ದೇ ತಡ, ಇವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ತಂಗಿಗೆ ಇವನ ಭಾಷೆ ಬರುವುದು ಅಷ್ಟಕ್ಕಷ್ಟೇ. ಆಸ್ಪತ್ರೆಯ ವರಾಂಡದಲ್ಲಿ ಅವಳು ಇವನ ತೋಳು ಹಿಡಿದು, "ಡಾಕ್ಟರ್ ಏನು ಹೇಳಿದರು ಅಣ್ಣ?" ಎಂದು ಕೇಳಿದ್ದಳು. ಡಾಕ್ಟರು ಹೇಳಿದ್ದು, ಇನ್ನೊಂದೆರಡು ಗಂಟೆ ಅಷ್ಟೇ ಎಂದು. "ಏನಿಲ್ಲ. ಚೆನ್ನಾಗಿದಾರಂತೆ" ಅಂದಿದ್ದ ಇವನು. ಪಾಪದ ಹೆಣ್ಣು ನಂಬಿಕೊಂಡು ಸ್ನಾನಕ್ಕೆಂದು ಲಾಡ್ಜಿಗೆ ಹೋದಳು. ವಾಪಸ್ಸು ಬರುವಷ್ಟರಲ್ಲಿ ಅಪ್ಪನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಅದಕ್ಕಾಗಿ ಇವನಿಗೆ ಒಂದು ದಿನವೂ ನಿದ್ದೆ ಕೆಟ್ಟಿರಲಿಲ್ಲ, ಅದನ್ನೂ ಹೇಳಿಬಿಡಬೇಕು.

ಈಗಲೂ ಅದೇ ಬುದ್ಧಿ. ಪ್ಲೇಯರಿನಲ್ಲಿ ಒಂದನೇ ಟ್ರ್ಯಾಕ್ ಅವಳ ಭಾಷೆಯದು, ಎರಡನೇದು ತನ್ನದು. ತನ್ನದರಲ್ಲಿ ಮೊದಲ ಮಾತಷ್ಟೇ ಕೇಳಿದ. "ಪಾಪು, ಕೇಳಿಸ್ತಾ ಇದೆಯೇನೋ?" ಅಲ್ಲಿಗೇ ನಿಲ್ಲಿಸಿದ. ಮಿಕ್ಕಿದ್ದನ್ನು ಅವಳ ಎದುರಿಗೇ ಕೇಳಬೇಕು. ಅವಳು ಪಿಳಿಪಿಳಿ ಕಣ್ಣು ಬಿಡುತ್ತಾ "ಅಪ್ಪ ಏನಂದರು ಅಣ್ಣ?" ಎಂದು ಅಂಗಲಾಚಬೇಕು. ತಾನು ಮನಸ್ಸಾದರೆ ಒಂದು ಮಾತು ಹೇಳಬೇಕು, ಇಲ್ಲವಾದರೆ ಇಲ್ಲ.

ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಪ್ರೋಗ್ರಾಂ, ಯಾವ ಟ್ರ್ಯಾಕ್ ತೆಗೆಯಬೇಕು ಎಂದು ಕೇಳಿತು. ಒಂದು ಎಂದು ಒತ್ತಿದ. ಅಷ್ಟರಲ್ಲಿ ಯಾರೋ ಶಟರಿನ ಕೆಳಗೆ ಬಗ್ಗಿ, "ಸಾರ್, ಎರಡು ಕಾಪಿ" ಎಂದು ಕಾಗದ ಚಾಚಿದರು. ಗಿರಾಕಿಗೆ ಕೇಳಿಸಬಾರದೆಂದು ಸ್ಪೀಕರ್ ಬಂದ್ ಮಾಡಿ ಹೊಸ ಫೈಲನ್ನು ಓಡಿಸಿ ನೋಡಿದ. ಅಪ್ಪನ ತುಟಿ ಆಡುತ್ತಿತ್ತು. ಪಟ್ಟಿಯಲ್ಲಿ ಒಂದೇ ಆಡಿಯೋ. ಹಳೆಯ ಫೈಲನ್ನು ಯಾವ ಭೂಪನೂ ಮತ್ತೆ ಹೊರಗೆ ತೆಗೆಯದಂತೆ ಪೂರ್ತಿ ಒರೆಸಿಹಾಕಿದ. ಪೆನ್ ಡ್ರೈವಿಗೆ ಹೊಸದನ್ನು ತುಂಬಿಕೊಂಡು, ಸಿಳ್ಳೆ ಹಾಕುತ್ತಾ ಮನೆಗೆ ಹೋದ.

ತಂಗಿ ಕುರ್ಚಿಯ ತುದಿಯಲ್ಲಿ ಕೂತಳು. ಚೀಲದಿಂದ ಅಪ್ಪನ ಮಫ್ಲರ್ ತೆಗೆದು ಮೇಜಿನ ಮೇಲಿಟ್ಟಳು. "ನಿಮಗೆ. ಅಪ್ಪನದು" ಅಂದಳು. ಇವನು ಅದರ ಕಡೆ ನೋಡದೆ ಟೀವಿ ಹಚ್ಚಿದ.

ಅಪ್ಪ ಬಾಯಿ ತೆರೆದ. ಬಂದದ್ದು ಅವಳ ಭಾಷೆ.

ಇವನು ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದ. ಆಡಿಯೋ ಒಂದೇ ಒಂದು. ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ಕೇಳುತ್ತಿದ್ದಳು. ನಕ್ಕಳು. ಬಿಕ್ಕಿದಳು. ನಡುವೆ ಒಮ್ಮೆ ತಿರುಗಿ ಇವನ ಮುಖವನ್ನೇ ನೋಡಿದಳು. ಹನ್ನೆರಡು ನಿಮಿಷ ಇವನು ಪೆಚ್ಚಾಗಿ ಕೂತಿದ್ದ.

ಕಾಫಿ ಲೋಟ ತಂದಿಟ್ಟು ಅಲ್ಲೇ ನಿಂತಿದ್ದ ಇವನ ಹೆಂಡತಿಗೆ ತಡೆಯಲಾಗಲಿಲ್ಲ. "ರೀ, ಎರಡಿದೆ ಅಂದಿದ್ರಲ್ಲ ಇಂಜಿನಿಯರು? ನಮ್ಮ ಭಾಷೇದು ಎಲ್ಲಿ?"

"ನನಗೂ ಹೇಳಿದ್ದರು, ಫೋನಿನಲ್ಲಿ" ಅಂದಳು ತಂಗಿ. "ಎರಡು." ಇವನ ಕೈಯಲ್ಲಿದ್ದ ರಿಮೋಟನ್ನೂ ಹಣೆಯ ಬೆವರನ್ನೂ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು.

ಇವನು ರಿಮೋಟ್ ಕೆಳಗಿಟ್ಟ. "ಅಪ್ಪ... ಏನಂದರು? ನನ್ನ ವಿಷಯ ಏನಾದರೂ?"

"ಏನಿಲ್ಲ ಅಣ್ಣ. ಚೆನ್ನಾಗಿರಿ ಅಂದರು."

"ಹನ್ನೆರಡು ನಿಮಿಷ ಬರೀ ಅದೇನಾ? ನಿನ್ನ ದಮ್ಮಯ್ಯ, ಹೇಳು."

"ನಿಮ್ಮ ಭಾಷೆ ನನಗೆ ಇಷ್ಟೇ ಬರುವುದು" ಅಂದಳು. ಮಫ್ಲರನ್ನು ಮೇಜಿನಿಂದ ಎತ್ತಿ ತನ್ನ ಕುತ್ತಿಗೆಗೇ ಸುತ್ತಿಕೊಂಡು ಮೆಟ್ಟಿಲಿಳಿದು ಹೋದಳು.

"ಹೋಗಲಿ ಬಿಡಿ, ಆ ಭಾಷೆ ಬರೋರು ಯಾರನ್ನಾದ್ರೂ ಕರೆಸಿ ಕೇಳಿದ್ರಾಯ್ತು" ಎಂದಳು ಹೆಂಡತಿ. ಇವನು ಆಗಲೇ ಇಂಜಿನಿಯರಿಗೆ ಫೋನ್ ಹಚ್ಚಿ, ಒಂದು ಎಂದು ಒತ್ತಿದ್ದನ್ನು ಹೇಳುತ್ತಿದ್ದ.

"ಅಯ್ಯೋ, ಆ ಪ್ರೋಗ್ರಾಂ ಸೊನ್ನೆಯಿಂದ ಎಣಿಸುತ್ತೆ ಮಾರಾಯ! ಒಂದು ಅಂದ್ರೆ ಅದರ ಪಾಲಿಗೆ ಎರಡನೇದು. ಅದನ್ನ ಯಾಕೆ ಮುಟ್ಟೋಕೆ ಹೋದೆ?"

"ಇರಲಿ ಅಂಕಲ್, ಮಾತು ಒಂದೇ ಅಲ್ವಾ? ಬೇರೆಯವರ ಹತ್ತಿರ ಅರ್ಥ ಕೇಳ್ತೀನಿ."

"ಒಂದೇ ಅಲ್ಲ ಕಣೋ. ತುಟಿ ಒಂದೇ, ನಿನ್ನ ಭಾಷೇದು; ಮಾತು ಬೇರೆ ಬೇರೆ. ನಿನಗೆ ಹೇಳಬೇಕಾದ್ದು ನಿನಗೆ, ಅವಳಿಗೆ ಹೇಳಬೇಕಾದ್ದು ಅವಳಿಗೆ. ಅದಕ್ಕೇ ಮೂರು ದಿನ ಹಿಡೀತು."

"ನಿಮಗೆ ಗೊತ್ತಲ್ಲ ಅಂಕಲ್? ನೀವು ಕೇಳಿರ್ತೀರಲ್ಲ?"

"ಮಕ್ಕಳಿಗೆ ಹೇಳೋ ಮಾತು ನೀನು ಕೇಳಬೇಡ ಅಂದಿದ್ದ. ಹೆಡ್‌ಫೋನ್ ತೆಗೆದಿಟ್ಟು ಕೂತಿದ್ದೆ."

ಹೆಂಡತಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಇವನು ಟೀವಿಯ ದನಿ ಪೂರ್ತಿ ಇಳಿಸಿ ಮೊದಲಿನಿಂದ ಹಾಕಿದ. ಪರದೆಗೆ ಮುಖ ತಾಗುವಷ್ಟು ಹತ್ತಿರ ಮಂಡಿಯೂರಿ ಕೂತ. ಅಪ್ಪನ ತುಟಿ ಮುಚ್ಚಿ ತೆರೆಯಿತು, ಇನ್ನೊಮ್ಮೆ ಮುಚ್ಚಿ ತೆರೆಯಿತು. ಪಾಪು. ಅದೊಂದು ಸಿಕ್ಕಿತು. ಆಮೇಲೆ ತುಟಿ ಬಹಳ ಹೊತ್ತು ಆಡಿತು, ಮುಚ್ಚಿತು, ಆಡಿತು. ಇವನು ನಿಲ್ಲಿಸಿದ, ಹಿಂದಕ್ಕೆ ಎಳೆದ, ಮತ್ತೆ ಹಾಕಿದ. ಅಪ್ಪನ ಜೊತೆಗೇ ತನ್ನ ಬಾಯನ್ನೂ ಸದ್ದಿಲ್ಲದೆ ಆಡಿಸುತ್ತಾ ಕೂತ.